ಹಳೆಯ ಮಸಲ್ ಕಾರಿನ ಚಾಲಕ ದಂಡ

1964ರಲ್ಲಿ ಅಮೆರಿಕದ ಪಾಂಟಿಯಾಕ್ ಕಾರ್ಖಾನೆ ಒಂದು ವಿಚಿತ್ರ ಸಾಹಸ ಮಾಡಿತು. ನಡುಗಾತ್ರದ ಸಾಧಾರಣ ಕಾರೊಂದರ ಮೈಯೊಳಗೆ, ದೊಡ್ಡ ಕಾರುಗಳಿಗೆಂದು ನಿರ್ಮಿಸಿದ್ದ ಎಂಟು ಸಿಲಿಂಡರುಗಳ ಎಂಜಿನನ್ನು ಕೂರಿಸಿ, ಅದಕ್ಕೆ ಜಿ.ಟಿ.ಓ. ಎಂದು ಹೆಸರಿಟ್ಟು ಮಾರಿತು. ಎಂಜಿನಿನ ಗಾತ್ರ 389 ಘನ ಅಂಗುಲ, ಎಂದರೆ ಸುಮಾರು 6.4 ಲೀಟರು. ಬೇರೆ ಕಾರ್ಖಾನೆಗಳೂ ಇದೇ ದಾರಿ ಹಿಡಿದವು. ಜಟ್ಟಿಯ ಮಾಂಸಖಂಡಗಳನ್ನು ನೆನಪಿಗೆ ತರುವ ಇಂಥ ವಾಹನಗಳನ್ನು ಆ ದೇಶದ ಜನ 'ಮಸಲ್ ಕಾರು'ಗಳೆಂದು ಕರೆದರು. ವಿಮೆಯ ದುಬಾರಿ ದರ, ಹೊಗೆಯನ್ನು ಕುರಿತ ಕಾಯಿದೆಗಳು, 1973ರ ತೈಲದ ಮುಗ್ಗಟ್ಟು ಇವೆಲ್ಲ ಸೇರಿ ಆ ಯುಗವನ್ನು ಕೊನೆಗಾಣಿಸಿದವು. ಉಳಿದ ಕಾರುಗಳನ್ನು ಹುಡುಕಿ ತಂದು ಮತ್ತೆ ಹೊಸದರಂತೆ ಮಾಡುವುದು ಅಲ್ಲಿ ಇಂದು ಅನೇಕರ ಹವ್ಯಾಸ, ಕೆಲವರ ವೃತ್ತಿ.

ಹೀಗೆ ಜೀರ್ಣೋದ್ಧಾರ ಮಾಡುವವರು ಎಂಜಿನಿಗೂ ಬಣ್ಣಕ್ಕೂ ಧಾರಾಳವಾಗಿ ದುಡ್ಡು ಸುರಿಯುತ್ತಾರೆ. ಕಾರಿನ ಹೊಟ್ಟೆಯ ಕೆಳಗೆ, ಯಾರ ಕಣ್ಣಿಗೂ ಬೀಳದೆ, ಮುಂದಿನ ಗೇರುಪೆಟ್ಟಿಗೆಯಿಂದ ಹಿಂದಿನ ಅಚ್ಚಿನವರೆಗೆ ಚಾಚಿಕೊಂಡಿರುವ ಉಕ್ಕಿನ ಕೊಳವೆಯನ್ನು ಮಾತ್ರ ತಂತಿಯ ಬ್ರಷ್ಷಿನಿಂದ ಉಜ್ಜಿ, ಬಣ್ಣ ಬಳಿದು, ಮತ್ತೆ ಸಿಕ್ಕಿಸಿಬಿಡುವುದುಂಟು. ಅದೇ ಚಾಲಕ ದಂಡ. ನಮ್ಮ ಗ್ಯಾರೇಜುಗಳಲ್ಲಿ ಅದನ್ನು ಪ್ರೊಪೆಲ್ಲರ್ ಶಾಫ್ಟ್ ಎನ್ನುತ್ತಾರೆ. ಅದನ್ನು ನೋಡಲು ಅಮೆರಿಕಕ್ಕೆ ಹೋಗಬೇಕಾಗಿಲ್ಲ. ನಿಂತಿರುವ ಯಾವುದಾದರೂ ಲಾರಿಯ ಪಕ್ಕದಲ್ಲಿ ಬಗ್ಗಿ ನೋಡಿದರೆ ಸಾಕು. 2014ರವರೆಗೆ ತಯಾರಾಗುತ್ತಿದ್ದ ನಮ್ಮ ಅಂಬಾಸಿಡರ್ ಕಾರಿನಲ್ಲೂ ಅದೇ ವ್ಯವಸ್ಥೆಯಿತ್ತು. ಈ ಕೊಳವೆ ಬಣ್ಣ ಬಳಿದರೆ ಹೊಸದಾಗುವ ವಸ್ತುವಲ್ಲ. ಮಸಲ್ ಕಾರಿನಲ್ಲಿ ಅದು ನಿಮಿಷಕ್ಕೆ ನಾಲ್ಕೈದು ಸಾವಿರ ಸುತ್ತು ಸುತ್ತುತ್ತದೆ. ಅದರ ಮುಂದಿನ ಕೀಲು ಓಟದಲ್ಲಿ ಮುರಿದರೆ ಕೊಳವೆಯ ತುದಿ ನೆಲಕ್ಕೆ ಬಿದ್ದು ರಸ್ತೆಗೆ ಕಚ್ಚಿಕೊಳ್ಳುತ್ತದೆ. ಕಾರು ಆ ದಂಡವನ್ನೇ ಊರುಗೋಲಾಗಿ ಮಾಡಿಕೊಂಡು ಮೇಲೇಳಬಹುದು. ಅಮೆರಿಕದ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ತನ್ನ ಪಂದ್ಯಗಳ ವೇಗದ ಕಾರುಗಳಿಗೆ, ಮುಂದಿನ ಕೀಲಿನಿಂದ 6 ಅಂಗುಲದೊಳಗೆ ದಂಡವನ್ನು ಸುತ್ತುವರಿದ ಉಕ್ಕಿನ ಬಳೆಯೊಂದು ಇರಲೇಬೇಕೆಂದು ವಿಧಿಸಿರುವುದು ಇದೇ ಕಾರಣದಿಂದ.

ದಂಡವು ಟೊಳ್ಳಾಗಿ ಏಕಿರಬೇಕು ಎಂಬ ಪ್ರಶ್ನೆಯನ್ನು ಮೊದಲು ಎತ್ತಿಕೊಳ್ಳೋಣ. ತರಗತಿಯಲ್ಲಿ ಇದನ್ನು ಕೇಳದ ವರ್ಷವೇ ಇಲ್ಲ. ಜಿ.ಟಿ.ಓ. ಎಂಜಿನಿನ ಅತ್ಯಧಿಕ ತಿರುಚುಬಲ, ಕಾರ್ಖಾನೆ ಘೋಷಿಸಿದಂತೆ, 428 ಪೌಂಡು-ಅಡಿ, ಅಂದರೆ 580 ನ್ಯೂಟನ್-ಮೀಟರು. ಮೊದಲನೆಯ ಗೇರು ಇದನ್ನು ಎರಡೂವರೆ ಪಟ್ಟಿಗಿಂತ ತುಸು ಹೆಚ್ಚಿಸುತ್ತದೆಂದು ಇಟ್ಟುಕೊಂಡರೆ, ದಂಡದ ಪಾಲಿಗೆ ಬರುವುದು ಸುಮಾರು 1500 ನ್ಯೂಟನ್-ಮೀಟರು. ಇದನ್ನು ಹೊರಲು 76 ಮಿಲಿಮೀಟರು ಹೊರವ್ಯಾಸ, 2.1 ಮಿಲಿಮೀಟರು ದಪ್ಪದ ಗೋಡೆ ಇರುವ ಕೊಳವೆಯೊಂದನ್ನು ತೆಗೆದುಕೊಳ್ಳೋಣ. ಅಷ್ಟೇ ತೂಕದ ಉಕ್ಕನ್ನು ಗಟ್ಟಿ ಸರಳಾಗಿ ಮಾಡಿದರೆ ಅದರ ವ್ಯಾಸ ಕೇವಲ 25 ಮಿಲಿಮೀಟರು. ಲೆಕ್ಕ ಹಾಕಿ ನೋಡಿದರೆ, ಕೊಳವೆಯ ಹೊರಮೈಯಲ್ಲಿ ಉಂಟಾಗುವ ಪೀಡನ ಚದರ ಮಿಲಿಮೀಟರಿಗೆ 85 ನ್ಯೂಟನ್. ಸರಳಿನಲ್ಲಿ ಸುಮಾರು 490 ನ್ಯೂಟನ್. ಕೊಳವೆ ಈ ಭಾರವನ್ನು ಲೆಕ್ಕಿಸುವುದಿಲ್ಲ. ಸಾಧಾರಣ ಉಕ್ಕಿನ ಸರಳಾದರೋ ಒದ್ದೆ ಬಟ್ಟೆ ಹಿಂಡಿದಂತೆ ತಿರುಚಿಕೊಂಡು ಹಾಗೆಯೇ ಉಳಿಯುತ್ತದೆ. ತಿರುಚನ್ನು ಎದುರಿಸುವ ಕೆಲಸ ಅಕ್ಷದಿಂದ ದೂರದಲ್ಲಿರುವ ಲೋಹದ್ದು. ಅಕ್ಷದ ಹತ್ತಿರವಿರುವ ಲೋಹ ಹೆಚ್ಚು ಕಡಿಮೆ ಸುಮ್ಮನೆ ಕುಳಿತಿರುತ್ತದೆ.

ಇಲ್ಲೊಂದು ಸ್ವಾರಸ್ಯದ ಸಂಗತಿಯಿದೆ. ಇದೇ ಕಾರ್ಖಾನೆ 1961ರಿಂದ 1963ರವರೆಗೆ ಮಾಡಿದ ಟೆಂಪೆಸ್ಟ್ ಎಂಬ ಕಾರಿನಲ್ಲಿ ದಂಡವು ತೆಳ್ಳನೆಯ ಗಟ್ಟಿ ಉಕ್ಕಿನ ಸರಳೇ ಆಗಿತ್ತು. ಅದೂ ನೇರವಾಗಿರದೆ ಬಿಲ್ಲಿನಂತೆ ಬಾಗಿಕೊಂಡು ತಿರುಗುತ್ತಿತ್ತು. ಅದು ಸಾಧ್ಯವಾದದ್ದು ಹೇಗೆಂದರೆ, ಆ ಕಾರಿನ ಗೇರುಪೆಟ್ಟಿಗೆ ಹಿಂದಿನ ಚಕ್ರಗಳ ಬಳಿ ಇತ್ತು. ಗೇರು ಹೆಚ್ಚಿಸಿದ ತಿರುಚುಬಲ ದಂಡದ ಮೇಲೆ ಬೀಳುತ್ತಿರಲಿಲ್ಲ. 1964ರ ಮಾದರಿಯಲ್ಲಿ ಗೇರುಪೆಟ್ಟಿಗೆ ಮುಂದಕ್ಕೆ ಬಂದಿತು. ಅದರೊಡನೆ ಟೊಳ್ಳು ಕೊಳವೆಯೂ ಬಂದಿತು.

ದಂಡವನ್ನು ಕೆಳಗಿಳಿಸುವ ಮುನ್ನ, ಅದರ ಕವಲು ಹಿಂದಿನ ಅಚ್ಚಿಗೆ ಸೇರುವಲ್ಲಿ ಎರಡರ ಮೇಲೂ ಬಣ್ಣದ ಗುರುತು ಹಾಕಬೇಕು. ಹಿಂದೆ ಹೇಗಿತ್ತೋ ಹಾಗೆಯೇ ಮತ್ತೆ ಕೂರಿಸುವುದಕ್ಕಾಗಿ. ಕೆಳಗಿಳಿಸಿದ ಮೇಲೆ ಮೊದಲು ಮಾಡಬೇಕಾದದ್ದು ಪರೀಕ್ಷೆ. ಕೊಳವೆಯ ಮೈಯಲ್ಲಿ ಎಲ್ಲಾದರೂ ತಗ್ಗು ಬಿದ್ದಿದೆಯೇ? ಗ್ಯಾರೇಜಿನ ಜಾಕನ್ನು ತಪ್ಪು ಜಾಗಕ್ಕೆ ಕೊಟ್ಟರೆ, ಅಥವಾ ಕಲ್ಲು ತಾಗಿದರೆ, ಇಂಥ ತಗ್ಗು ಬೀಳುತ್ತದೆ. ತೆಳುವಾದ ಕೊಳವೆಯನ್ನು ಮಿತಿಮೀರಿ ತಿರುಚಿದಾಗ ಅದು ಕತ್ತರಿಸಿ ಹೋಗುವುದಕ್ಕೆ ಮುಂಚೆ ಸುಕ್ಕುಗಟ್ಟಿ ಕುಸಿಯುತ್ತದೆ. ತಗ್ಗಿರುವ ಕಡೆ ಆ ಸುಕ್ಕು ಸುಲಭವಾಗಿ ಹುಟ್ಟುತ್ತದೆ. ಕಾರಿನ ಮೂಲ ಭಾಗ, ಅಪೂರ್ವ ವಸ್ತು ಎಂಬ ಮೋಹದಿಂದ ತಗ್ಗನ್ನು ತುಂಬಿ, ನಯಮಾಡಿ, ಬಣ್ಣ ಹೊಡೆಯುವವರನ್ನು ನಾನು ಒಪ್ಪಲಾರೆ. ಅಂಥ ಕೊಳವೆಯನ್ನು ಗೋಡೆಗೆ ತೂಗುಹಾಕಬಹುದು, ಕಾರಿಗಲ್ಲ.

ತಗ್ಗಿಲ್ಲದಿದ್ದರೆ ಅದು ನೇರವಾಗಿದೆಯೇ ಎಂದು ನೋಡಬೇಕು. ಎರಡು ತುದಿಗಳನ್ನು ಆಧಾರದ ಮೇಲಿಟ್ಟು, ಮಧ್ಯದಲ್ಲಿ ಡಯಲ್ ಗೇಜನ್ನು ತಾಗಿಸಿ, ಮೆಲ್ಲಗೆ ತಿರುಗಿಸಬೇಕು. ಮುಳ್ಳಿನ ಓಲಾಟ ಕಾಲು ಮಿಲಿಮೀಟರಿನೊಳಗಿದ್ದರೆ ಸಂತೋಷ. ಹೆಚ್ಚಾಗಿದ್ದರೆ, ಒಳ್ಳೆಯ ಕೆಲಸಗಾರನು ಸುತ್ತಿಗೆ ಹಿಡಿಯುವುದಿಲ್ಲ, ಬೆಂಕಿ ಹಿಡಿಯುತ್ತಾನೆ. ಕೊಳವೆ ಯಾವ ಕಡೆಗೆ ಉಬ್ಬಿದೆಯೋ ಆ ಕಡೆಯಲ್ಲಿ ಒಂದು ಚಿಕ್ಕ ಜಾಗವನ್ನು ಗ್ಯಾಸಿನ ಜ್ವಾಲೆಯಿಂದ ಕೆಂಪಗೆ ಕಾಯಿಸಿ, ಬಳಿಕ ಒದ್ದೆ ಬಟ್ಟೆಯಿಂದ ಆರಿಸುತ್ತಾನೆ. ಕೊಳವೆ ಉಬ್ಬಿದ ಕಡೆಯಿಂದ ಎದುರು ಕಡೆಗೆ ಸರಿದು ನೇರವಾಗುತ್ತದೆ. ಮಂತ್ರವಿದ್ಯೆಯಂತೆ ಕಂಡರೂ ಇದು ಭೌತಶಾಸ್ತ್ರವೇ. ಕಾದ ಜಾಗ ಹಿಗ್ಗಲು ಹವಣಿಸುತ್ತದೆ. ಸುತ್ತಲಿನ ತಣ್ಣನೆಯ ಉಕ್ಕು ಅದಕ್ಕೆ ಎಡೆಗೊಡುವುದಿಲ್ಲ. ಕೆಂಪಗೆ ಕಾದ ಉಕ್ಕು ಮೆತುವಾದ್ದರಿಂದ ಅದು ಉದ್ದಕ್ಕೆ ಬೆಳೆಯದೆ ದಪ್ಪಕ್ಕೆ ಒತ್ತಿಕೊಳ್ಳುತ್ತದೆ. ತಣಿಯುವಾಗ ಅದು ಕುಗ್ಗುತ್ತದಲ್ಲವೆ? ಆದರೆ ಈಗ ಅದರ ಉದ್ದ ಮೊದಲಿಗಿಂತ ಕಡಿಮೆ. ಹೀಗಾಗಿ ಕೊಳವೆಯ ಆ ಮೈಯನ್ನು ಅದು ಎಳೆದು ಬಿಗಿಯುತ್ತದೆ.

ಇನ್ನು ಕೀಲುಗಳು. ಹಿಂದಿನ ಅಚ್ಚು ರಸ್ತೆಯ ಏರುತಗ್ಗುಗಳಿಗೆ ತಕ್ಕಂತೆ ಮೇಲೆ ಕೆಳಗೆ ಆಡುತ್ತದೆ, ಗೇರುಪೆಟ್ಟಿಗೆ ಆಡುವುದಿಲ್ಲ. ಆದ್ದರಿಂದ ದಂಡದ ಎರಡು ತುದಿಗಳಲ್ಲೂ, ಓರೆಯಾಗಿದ್ದರೂ ಭ್ರಮಣವನ್ನು ಸಾಗಿಸಬಲ್ಲ ಕೀಲು ಬೇಕು. ಎರಡು ಕವಲುಗಳು, ಅವುಗಳ ನಡುವೆ ಕೂಡಿಸುವ ಚಿಹ್ನೆಯಂಥ ಒಂದು ಉಕ್ಕಿನ ತುಂಡು. ಇಷ್ಟೇ ಆ ಕೀಲು. ನಮ್ಮ ಮೆಕ್ಯಾನಿಕ್ಕುಗಳು ಆ ತುಂಡನ್ನು 'ಕ್ರಾಸ್' ಎಂದೇ ಕರೆಯುತ್ತಾರೆ. ಇಟಲಿಯ ಕಾರ್ಡಾನೋನ ಹೆಸರೂ ಇಂಗ್ಲೆಂಡಿನ ರಾಬರ್ಟ್ ಹುಕ್‌ನ ಹೆಸರೂ ಇದಕ್ಕೆ ಅಂಟಿಕೊಂಡಿವೆ. ಸ್ಥಿತಿಸ್ಥಾಪಕತೆಯ ನಿಯಮದಿಂದ ನಮಗೆ ಪರಿಚಿತನಾದ ಹುಕ್ ಹದಿನೇಳನೆಯ ಶತಮಾನದಲ್ಲಿ ಇದನ್ನು ಬಳಸಲೆಳಸಿದ್ದು ಖಗೋಳ ವೀಕ್ಷಣೆಯ ಉಪಕರಣಗಳಿಗೆ. ಮೊದಮೊದಲ ಮೋಟಾರು ಕಾರುಗಳಲ್ಲಿ ಅನೇಕವು ಸೈಕಲ್ಲಿನಂತೆ ಸರಪಳಿಯಿಂದ ಓಡುತ್ತಿದ್ದವು. ಕಾರ್ನೆಲ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಯಾಗಿದ್ದ ಕ್ಲಾರೆನ್ಸ್ ಸ್ಪೈಸರ್ 1903ರಲ್ಲಿ ಇಂಥ ಕೀಲಿಗೆ ಪೇಟೆಂಟು ಪಡೆದು, ಕಾರುಗಳಿಗೆ ಒಗ್ಗುವಂತೆ ಅದನ್ನು ತಯಾರಿಸತೊಡಗಿದ.

ಈ ಕೀಲಿಗೆ ಹುಟ್ಟಿನಿಂದ ಬಂದ ದೋಷವೊಂದಿದೆ. ಓರೆಯಾಗಿರುವಾಗ, ಒಂದು ಕಡೆ ಸಮವೇಗದಿಂದ ತಿರುಗಿಸಿದರೆ ಇನ್ನೊಂದು ಕಡೆ ಸಮವೇಗದಿಂದ ತಿರುಗುವುದಿಲ್ಲ. ಊಟದ ತಟ್ಟೆಯೊಂದನ್ನು ಓರೆಯಾಗಿ ಹಿಡಿದು ನೋಡಿ; ಅದರ ಅಂಚು ದೀರ್ಘವೃತ್ತದಂತೆ ಕಾಣುತ್ತದೆ. ಆ ಅಂಚಿನ ಗುಂಟ ಒಂದು ಇರುವೆ ಸಮವೇಗದಿಂದ ಹರಿದರೂ, ನಮ್ಮ ಕಣ್ಣಿಗೆ ಅದು ತಟ್ಟೆಯ ನಡುವನ್ನು ಸುತ್ತುವ ಕೋನೀಯ ವೇಗ ಒಮ್ಮೆ ಹೆಚ್ಚಿದಂತೆ, ಒಮ್ಮೆ ತಗ್ಗಿದಂತೆ ತೋರುತ್ತದೆ. ಕ್ರಾಸಿನ ಒಂದು ಜೊತೆ ತೋಳುಗಳು ಒಂದು ತಟ್ಟೆಯ ಮೇಲೂ ಇನ್ನೊಂದು ಜೊತೆ ಅದಕ್ಕೆ ಓರೆಯಾದ ಮತ್ತೊಂದು ತಟ್ಟೆಯ ಮೇಲೂ ಸುತ್ತುತ್ತವೆಂದು ಭಾವಿಸಿದರೆ ವಿಷಯ ಸ್ಪಷ್ಟವಾಗುತ್ತದೆ. ಓರೆಯ ಕೋನದ ಕೊಸೈನ್ ಎಷ್ಟೋ, ಎರಡು ವೇಗಗಳ ನಿಷ್ಪತ್ತಿ ಅಷ್ಟರವರೆಗೆ ಇಳಿದು, ಅದರ ವಿಲೋಮದವರೆಗೆ ಏರುತ್ತದೆ. ಒಂದು ಸುತ್ತಿನಲ್ಲಿ ಎರಡು ಬಾರಿ. 20 ಡಿಗ್ರಿ ಓರೆಯಿದ್ದರೆ ಈ ಏರಿಳಿತ ಮೇಲಕ್ಕೂ ಕೆಳಕ್ಕೂ ಶೇಕಡಾ 6. 3 ಡಿಗ್ರಿಯಾದರೆ ಶೇಕಡಾ 0.14 ಮಾತ್ರ.

ಪರಿಹಾರ ಬಹಳ ಸರಳ. ಎರಡನೆಯ ಕೀಲು ಮೊದಲನೆಯದು ಮಾಡಿದ ತಪ್ಪನ್ನೇ ತಿರುಗುಮುರುಗಾಗಿ ಮಾಡಿದರೆ ಎರಡೂ ಹೊಡೆದುಹೋಗುತ್ತವೆ. ಅದಕ್ಕೆ ಎರಡು ಷರತ್ತುಗಳು: ಎರಡೂ ಕೀಲುಗಳ ಓರೆ ಸಮನಾಗಿರಬೇಕು, ಕೊಳವೆಯ ಎರಡು ತುದಿಗಳಿಗೆ ಬೆಸೆದ ಕವಲುಗಳು ಒಂದೇ ಸಮತಲದಲ್ಲಿರಬೇಕು. ಜೀರ್ಣೋದ್ಧಾರದಲ್ಲಿ ಎಡವಟ್ಟಾಗುವುದು ಇಲ್ಲಿಯೇ. ಹೊಸ ಗೇರುಪೆಟ್ಟಿಗೆ ಹಳೆಯದಕ್ಕಿಂತ ಉದ್ದವಾಗಿದ್ದರೆ ಕೊಳವೆಯನ್ನು ಕತ್ತರಿಸಿ, ಕವಲನ್ನು ಮರಳಿ ಬೆಸೆಯಬೇಕಾಗುತ್ತದೆ. ಬೆಸೆಯುವಾಗ ಕವಲು ಕಾಲು ಸುತ್ತು ತಿರುಗಿಹೋದರೆ ಎರಡು ತಪ್ಪುಗಳು ಹೊಡೆದುಹೋಗುವ ಬದಲು ಕೂಡಿಕೊಳ್ಳುತ್ತವೆ. ಆಮೇಲೆ ಎಷ್ಟು ಸಮತೋಲ ಮಾಡಿದರೂ ನಡುಕ ನಿಲ್ಲದು. ಎಲ್ಲ ಸರಿಯಿದ್ದಾಗಲೂ ಮಧ್ಯದ ಕೊಳವೆ ಮಾತ್ರ ಏರಿಳಿಯುತ್ತಲೇ ಇರುತ್ತದೆ ಎಂಬುದನ್ನು ಮರೆಯಬಾರದು. ಅದರ ಕೋನೀಯ ವೇಗೋತ್ಕರ್ಷ ಓರೆಯ ವರ್ಗಕ್ಕೂ ಭ್ರಮಣವೇಗದ ವರ್ಗಕ್ಕೂ ಅನುಪಾತದಲ್ಲಿರುವುದರಿಂದ ಓರೆ ಕಡಿಮೆಯಿದ್ದಷ್ಟೂ ಒಳ್ಳೆಯದು. ಹಾಗೆಂದು ಸೊನ್ನೆಯಾಗಲೂಬಾರದು. ಕ್ರಾಸಿನ ತೋಳುಗಳು ಸೂಜಿಯಂಥ ಸಣ್ಣ ಉರುಳೆಗಳ ಮೇಲೆ ಕುಳಿತಿರುತ್ತವೆ. ಓರೆಯೇ ಇಲ್ಲದಿದ್ದರೆ ಉರುಳೆಗಳು ಉರುಳುವುದಿಲ್ಲ. ಒಂದೇ ಜಾಗದಲ್ಲಿ ಒತ್ತಿ ಒತ್ತಿ ತೋಳಿನ ಮೇಲೆ ಗೀರುಗಳನ್ನು ಮೂಡಿಸುತ್ತವೆ. ಹಳೆಯ ಕ್ರಾಸನ್ನು ಬಿಚ್ಚಿದಾಗ ಉಗುರಿಗೆ ತಾಗುವ ಇಂಥ ಗೆರೆಗಳು ಕಂಡರೆ ಅದನ್ನು ಎಸೆದು ಹೊಸದನ್ನು ಹಾಕಬೇಕು.

ಬಿಚ್ಚುವುದೂ ಎಲ್ಲ ಕಾರುಗಳಲ್ಲಿ ಒಂದೇ ರೀತಿಯಲ್ಲ. ಸಾಧಾರಣವಾಗಿ ಉರುಳೆಗಳ ಬಟ್ಟಲುಗಳನ್ನು ಸ್ಪ್ರಿಂಗ್ ಉಂಗುರಗಳು ಹಿಡಿದಿರುತ್ತವೆ. ಜನರಲ್ ಮೋಟಾರ್ಸ್ ಸಂಸ್ಥೆಯ ಕೆಲವು ದಂಡಗಳಲ್ಲಿ ಉಂಗುರಗಳೇ ಇಲ್ಲ. ಕರಗಿಸಿದ ಪ್ಲಾಸ್ಟಿಕ್ಕನ್ನು ಕಿಂಡಿಯ ಮೂಲಕ ತೂರಿಸಿ ಬಟ್ಟಲನ್ನು ಕಚ್ಚಿಸಿರುತ್ತಾರೆ. ಇದನ್ನು ತಿಳಿಯದೆ ಪ್ರೆಸ್ಸಿಗೆ ಕೊಟ್ಟು ಒತ್ತಿದರೆ ಕವಲಿನ ಕಿವಿಯೇ ಬಾಗೀತು. ಕಿವಿಯನ್ನು ಹದವಾಗಿ ಕಾಯಿಸಿದರೆ ಪ್ಲಾಸ್ಟಿಕ್ಕು ಕರಗಿ ಕಿಂಡಿಯಿಂದ ಹುಳುವಿನಂತೆ ಹೊರಕ್ಕೆ ಬರುತ್ತದೆ.

ಸಮತೋಲದ ಮಾತಿಗೆ ಬರೋಣ. ಕೊಳವೆಯ ಮೈಗೆ 20 ಗ್ರಾಂ ಕೊಳೆಯೋ ಡಾಂಬರೋ ಒಂದೇ ಕಡೆ ಅಂಟಿಕೊಂಡಿದೆ ಎನ್ನಿ. ಅಥವಾ ಕಾರ್ಖಾನೆಯಲ್ಲಿ ಬೆಸೆದಿದ್ದ ಅಷ್ಟು ತೂಕದ ತಗಡು ಉದುರಿಹೋಗಿದೆ ಎನ್ನಿ. ದಂಡ ನಿಮಿಷಕ್ಕೆ 1100 ಸುತ್ತು ತಿರುಗುವಾಗ ಇದರಿಂದ ಉಂಟಾಗುವ ಸೆಳೆತ ಸುಮಾರು 10 ನ್ಯೂಟನ್. ಒಂದು ಕಿಲೋಗ್ರಾಂ ತೂಕದಷ್ಟು. 4400 ಸುತ್ತಿಗೆ ಏರಿದರೆ ವೇಗ ನಾಲ್ಕು ಪಟ್ಟು, ಸೆಳೆತ ಹದಿನಾರು ಪಟ್ಟು: 160 ನ್ಯೂಟನ್. ಅದು ಸೆಕೆಂಡಿಗೆ 73 ಸಲ ದಿಕ್ಕು ತಿರುಗುತ್ತ ಗೇರುಪೆಟ್ಟಿಗೆಯ ಹಿಂಬದಿಯ ಬೇರಿಂಗನ್ನು ಕುಟ್ಟುತ್ತದೆ. ದಂಡವನ್ನು ಎರಡು ಅಲಗುಗಳ ಮೇಲೆ ಮಲಗಿಸಿ, ಭಾರವಾದ ಮಗ್ಗುಲು ಕೆಳಕ್ಕೆ ಬರುವುದನ್ನು ನೋಡಿ ತೂಕ ಸೇರಿಸಿದರೆ ಸಾಲದೆ? ಸಾಲದು. ಒಂದು ತುದಿಯಲ್ಲಿ ಮೇಲೂ ಇನ್ನೊಂದು ತುದಿಯಲ್ಲಿ ಕೆಳಗೂ ಸಮನಾದ ಭಾರಗಳಿದ್ದರೆ ದಂಡ ಅಲಗಿನ ಮೇಲೆ ನಿಶ್ಚಲವಾಗಿಯೇ ಇರುತ್ತದೆ. ತಿರುಗಿದಾಗ ಮಾತ್ರ ಎರಡು ತುದಿಗಳನ್ನೂ ಎದುರುಬದುರಾಗಿ ಎಳೆದಾಡುತ್ತದೆ. ಆದ್ದರಿಂದ ದಂಡವನ್ನು ಯಂತ್ರದಲ್ಲಿ ತಿರುಗಿಸುತ್ತಲೇ ಎರಡು ತುದಿಗಳ ಅದುರನ್ನೂ ಬೇರೆ ಬೇರೆಯಾಗಿ ಅಳೆದು, ಎರಡು ಕಡೆಯೂ ತಗಡಿನ ತುಂಡುಗಳನ್ನು ಬೆಸೆಯಬೇಕು. ಕೆಲವು ಹಳೆಯ ದಂಡಗಳ ಒಳಗೆ ಸದ್ದಡಗಿಸಲು ರಟ್ಟಿನ ಕೊಳವೆಯೊಂದನ್ನು ತೂರಿಸಿರುತ್ತಾರೆ. ಅದು ಸಡಿಲವಾಗಿದ್ದರೆ ಅಥವಾ ಒಳಗೆ ತುಕ್ಕಿನ ಹಕ್ಕಳೆಗಳು ಓಡಾಡುತ್ತಿದ್ದರೆ ಒಂದೊಂದು ಸಲ ತಿರುಗಿಸಿದಾಗಲೂ ಒಂದೊಂದು ಉತ್ತರ ಬರುತ್ತದೆ. ಸಮತೋಲದ ಯಂತ್ರಕ್ಕೆ ಕೊಡುವ ಮುಂಚೆ ದಂಡವನ್ನು ಅಲುಗಿಸಿ ಕಿವಿಗೊಟ್ಟು ಕೇಳುವುದು ಲೇಸು.

ಎಲ್ಲಕ್ಕಿಂತ ಗಂಭೀರವಾದದ್ದು ಇನ್ನೂ ಉಳಿದಿದೆ. ಎಷ್ಟೇ ಸಮತೋಲ ಮಾಡಿದ ದಂಡಕ್ಕೂ, ವೀಣೆಯ ತಂತಿಗಿರುವಂತೆ, ತನ್ನದೇ ಆದ ಸ್ವಾಭಾವಿಕ ಆವೃತ್ತಿಯಿದೆ. ಭ್ರಮಣದ ಆವೃತ್ತಿ ಅದನ್ನು ಮುಟ್ಟಿದಾಗ, ಅಳಿದುಳಿದ ಒಂದಿಷ್ಟು ಅಸಮತೋಲವೇ ಸಾಕು. ದಂಡ ನಡುವಿನಲ್ಲಿ ಬಿಲ್ಲಿನಂತೆ ಬಾಗಿ, ಮಕ್ಕಳು ಆಡುವ ಹಗ್ಗದಂತೆ ಬೀಸತೊಡಗುತ್ತದೆ. ಇದಕ್ಕೆ ಸಂದಿಗ್ಧ ವೇಗ ಎನ್ನುತ್ತಾರೆ. 1869ರಲ್ಲಿ ರ‍್ಯಾಂಕಿನ್ ಈ ವಿಷಯವನ್ನು ವಿವೇಚಿಸಿ, ಈ ವೇಗವನ್ನು ದಾಟಿ ದಂಡವು ನೆಮ್ಮದಿಯಾಗಿ ತಿರುಗಲಾರದೆಂದು ತೀರ್ಮಾನಿಸಿದ. ಸ್ವೀಡನ್ನಿನ ಡಿ ಲವಾಲ್ ಅದೇ ಶತಮಾನದ ಕೊನೆಯ ಭಾಗದಲ್ಲಿ ಬಳುಕುವ ದಂಡವುಳ್ಳ ಉಗಿಯ ಟರ್ಬೈನನ್ನು ಆ ವೇಗದಾಚೆಗೆ ಓಡಿಸಿ ತೋರಿಸಿದ. ಆದರೆ ಟರ್ಬೈನು ಆ ಗಡಿಯನ್ನು ಒಮ್ಮೆ ಹಾರಿ ದಾಟಿ ಆಚೆಯೇ ಉಳಿಯುತ್ತದೆ. ಕಾರು ಹಾಗಲ್ಲ, ಚಾಲಕನ ಕಾಲಿನ ಇಚ್ಛೆಯಂತೆ ಗಡಿಯ ಮೇಲೆಯೇ ಸುಳಿದಾಡೀತು.

ನಾವು ಆರಿಸಿಕೊಂಡ 76 ಮಿಲಿಮೀಟರಿನ ಉಕ್ಕಿನ ಕೊಳವೆ ಎರಡು ಕೀಲುಗಳ ನಡುವೆ 1.4 ಮೀಟರು ಉದ್ದವಿದ್ದರೆ ಲೆಕ್ಕದಂತೆ ಸಂದಿಗ್ಧ ವೇಗ ನಿಮಿಷಕ್ಕೆ ಸುಮಾರು 6400 ಸುತ್ತು. ಈ ವೇಗ ಉದ್ದದ ವರ್ಗಕ್ಕೆ ವಿಲೋಮವಾಗಿರುವುದರಿಂದ 1.5 ಮೀಟರಿಗೆ ಅದು 5600ಕ್ಕೆ ಇಳಿಯುತ್ತದೆ, 1.2 ಮೀಟರಿಗೆ 8700ಕ್ಕೆ ಏರುತ್ತದೆ. ಉದ್ದನೆಯ ಲಾರಿಗಳಲ್ಲಿ ದಂಡವನ್ನು ಎರಡು ಮೂರು ತುಂಡು ಮಾಡಿ ನಡುವೆ ಬೇರಿಂಗು ಕೊಟ್ಟಿರುವುದನ್ನು ನೋಡಿದವರಿಗೆ ಅದರ ಕಾರಣ ಈಗ ಹೊಳೆದಿರಬೇಕು. ತುದಿಗಳು ಕಾರಿನಲ್ಲಿ ಪೂರ್ತಿ ಬಿಗಿಯಾಗಿರುವುದಿಲ್ಲವಾದ್ದರಿಂದ ನಿಜವಾದ ವೇಗ ಲೆಕ್ಕಕ್ಕಿಂತ ಕಡಿಮೆ. ಮುಕ್ಕಾಲು ಪಾಲಿನೊಳಗೆ, ಎಂದರೆ 4800ರೊಳಗೆ, ಇದ್ದರೆ ಕ್ಷೇಮ ಎನ್ನೋಣ.

ಈಗ ಕಾರಿನ ಲೆಕ್ಕ. ಚಕ್ರದ ಸುತ್ತಳತೆ 2.15 ಮೀಟರು, ಹಿಂದಿನ ಅಚ್ಚಿನ ಗೇರು ನಿಷ್ಪತ್ತಿ 3.55 ಇದ್ದರೆ ಗಂಟೆಗೆ 160 ಕಿಲೋಮೀಟರು ಓಟದಲ್ಲಿ ದಂಡದ ವೇಗ 4400. ಪಂದ್ಯದ ಹುರುಪಿನವರು ಅಚ್ಚಿನ ಗೇರನ್ನು ಬದಲಿಸಿ 4.11 ಮಾಡಿಕೊಳ್ಳುತ್ತಾರೆ, ಆಗ ಅದೇ ಓಟಕ್ಕೆ 5100. ಗೇರುಪೆಟ್ಟಿಗೆ ಯಾವುದೇ ಇರಲಿ, ದಂಡದ ವೇಗವನ್ನು ನಿರ್ಧರಿಸುವುದು ಕಾರಿನ ಓಟ ಮತ್ತು ಅಚ್ಚಿನ ಗೇರು, ಇವೆರಡೇ ಎಂಬುದನ್ನು ಗಮನಿಸಬೇಕು. ಹಳೆಯ ನಾಲ್ಕು ಗೇರಿನ ಪೆಟ್ಟಿಗೆಯಲ್ಲಿ ನಾಲ್ಕನೆಯದು ನೇರ ಗೇರು: ಎಂಜಿನು ಎಷ್ಟು ಸುತ್ತುತ್ತದೆಯೋ ದಂಡವೂ ಅಷ್ಟೇ. ಎಂಜಿನು 5500ಕ್ಕೆ ಬಂದಾಗ ಅದರ ಆರ್ಭಟ ಕೇಳಿ ಚಾಲಕನೇ ಕಾಲು ತೆಗೆಯುತ್ತಿದ್ದ. ತಿಳಿದೋ ತಿಳಿಯದೆಯೋ ಎಂಜಿನು ದಂಡಕ್ಕೆ ಕಾವಲುಗಾರನಾಗಿತ್ತು. ಇಂದು ಜೀರ್ಣೋದ್ಧಾರ ಮಾಡುವವರು ಪೆಟ್ರೋಲು ಉಳಿಸಲೆಂದು ಐದು ಗೇರಿನ ಪೆಟ್ಟಿಗೆ ಹಾಕುತ್ತಾರೆ. ಐದನೆಯದರ ನಿಷ್ಪತ್ತಿ 0.68 ಎಂದುಕೊಳ್ಳಿ. 4.11ರ ಅಚ್ಚಿನೊಡನೆ ಗಂಟೆಗೆ 190 ಕಿಲೋಮೀಟರು ಓಡುವಾಗ ಎಂಜಿನು 4100 ಸುತ್ತಿನಲ್ಲಿ ಹಾಯಾಗಿ ಗುನುಗುತ್ತಿರುತ್ತದೆ; ಅದೇ ಹೊತ್ತಿಗೆ ಕಾಲಡಿಯ ದಂಡ 6000 ದಾಟಿ ಸಂದಿಗ್ಧ ವೇಗದ ಬಾಗಿಲು ಬಡಿಯುತ್ತಿರುತ್ತದೆ. ಚಾಲಕನ ಕಿವಿಗೆ ಯಾವ ಎಚ್ಚರಿಕೆಯೂ ಬಾರದು. ಕಾರಿನ ಉಳಿದೆಲ್ಲವೂ ಮೊದಲಿಗಿಂತ ಉತ್ತಮವಾಗಿರುವಾಗ ದಂಡ ಮಾತ್ರ ಮೊದಲಿಗಿಂತ ಹೆಚ್ಚಿನ ಅಪಾಯದಲ್ಲಿರುತ್ತದೆ.

ಅಲ್ಯೂಮಿನಿಯಮ್ಮಿನ ಹಗುರವಾದ ದಂಡ ಹಾಕಿದರೆ ಸರಿಹೋಗುತ್ತದೆಂದು ಮಾರುವವರು ಹೇಳುತ್ತಾರೆ. ಇದು ಅರ್ಧ ಸತ್ಯ. ಸಂದಿಗ್ಧ ವೇಗ ಅವಲಂಬಿಸುವುದು ಲೋಹದ ಯಂಗ್ ಗುಣಾಂಕವನ್ನು ಅದರ ಸಾಂದ್ರತೆಯಿಂದ ಭಾಗಿಸಿದ ಭಾಗಲಬ್ಧವನ್ನು. ಅಲ್ಯೂಮಿನಿಯಮ್ಮು ಉಕ್ಕಿಗಿಂತ ಸುಮಾರು ಮೂರು ಪಟ್ಟು ಹಗುರ. ಆದರೆ ಬಾಗುವುದರಲ್ಲಿಯೂ ಅಷ್ಟೇ ಪಟ್ಟು ಮೆದು. ಭಾಗಲಬ್ಧ ಎರಡಕ್ಕೂ ಹೆಚ್ಚು ಕಡಿಮೆ ಒಂದೇ. ನಿಜವಾದ ಲಾಭ ಬರುವುದು ವ್ಯಾಸದಿಂದ. 76ರ ಬದಲು 89 ಮಿಲಿಮೀಟರಿನ ಕೊಳವೆ ಹಾಕಿದರೆ, ಅದು ಉಕ್ಕಿನದೇ ಆಗಿರಲಿ, ಸಂದಿಗ್ಧ ವೇಗ 6400ರಿಂದ ಸುಮಾರು 7500ಕ್ಕೆ ಏರುತ್ತದೆ. ಗೋಡೆಯನ್ನು ದಪ್ಪ ಮಾಡುವುದರಿಂದ ಈ ವಿಷಯದಲ್ಲಿ ಏನೂ ಸಿಗದು. ಕಾರಿನ ನೆಲದಡಿಯ ಸುರಂಗದಲ್ಲಿ ದಪ್ಪನೆಯ ಕೊಳವೆಗೆ ಎಡೆಯಿದೆಯೇ, ಹಿಂದಿನ ಅಚ್ಚು ಮೇಲೆದ್ದಾಗ ತಾಗುವುದಿಲ್ಲವೇ ಎಂದು ಮಾತ್ರ ಮೊದಲೇ ಅಳೆದುಕೊಳ್ಳಬೇಕು.

ಉದ್ದವನ್ನೂ ಕಾರು ತನ್ನ ಚಕ್ರಗಳ ಮೇಲೆ ನಿಂತಿರುವಾಗಲೇ ಅಳೆಯಬೇಕು. ಅಚ್ಚು ಜೋತಾಡುತ್ತಿರುವಾಗ ಅಳೆದರೆ ಲೆಕ್ಕ ತಪ್ಪುತ್ತದೆ. ಮುಂದಿನ ಕವಲು ಗೇರುಪೆಟ್ಟಿಗೆಯೊಳಗೆ ಜಾರುವಂತಿರುತ್ತದೆ. ಅದನ್ನು ಪೂರ್ತಿ ಒಳಕ್ಕೆ ತಳ್ಳಿ, ಎರಡು ಎರಡೂವರೆ ಸೆಂಟಿಮೀಟರು ಹೊರಕ್ಕೆ ಎಳೆದಾಗ ಹಿಂದಿನ ತುದಿ ಸರಿಯಾಗಿ ಕೂಡಬೇಕು. ಜಾರುವ ಕವಲಿನ ನುಣುಪಾದ ಮೈಯನ್ನು ಮರಳುಕಾಗದದಿಂದ ಉಜ್ಜಕೂಡದು; ಗೀರು ಬಿದ್ದರೆ ಎಣ್ಣೆ ಸೋರುತ್ತದೆ.

ದಂಡವನ್ನು ಕೂರಿಸಿ ರಸ್ತೆಗಿಳಿದ ಮೇಲೂ ನಡುಕ ಉಳಿದಿದ್ದರೆ ಅದರ ಆವೃತ್ತಿಯೇ ಅಪರಾಧಿಯನ್ನು ತೋರಿಸಿಕೊಡುತ್ತದೆ. ಗಂಟೆಗೆ 100 ಕಿಲೋಮೀಟರು ಓಟದಲ್ಲಿ, 3.55ರ ಅಚ್ಚಿದ್ದರೆ, ಸೆಕೆಂಡಿಗೆ 13 ಸಲ ಅದುರಿದರೆ ದೋಷ ಚಕ್ರದ್ದು. 46 ಸಲವಾದರೆ ದಂಡದ ಅಸಮತೋಲದ್ದು. 92 ಸಲವಾದರೆ ಕೀಲಿನ ಓರೆಯದು, ಏಕೆಂದರೆ ಕೀಲು ಸುತ್ತಿಗೆ ಎರಡು ಸಲ ತಪ್ಪು ಮಾಡುತ್ತದೆ. ಇಂದು ವಿದ್ಯಾರ್ಥಿಗಳ ಜೇಬಿನಲ್ಲಿರುವ ಫೋನಿನೊಳಗೆ ವೇಗೋತ್ಕರ್ಷವನ್ನು ಅಳೆಯುವ ಸಾಧನವಿದೆ. ಅದನ್ನು ಕಾರಿನ ನೆಲಕ್ಕೆ ಒತ್ತಿಟ್ಟರೆ ಮೊದಲ ಎರಡನ್ನು ಸುಲಭವಾಗಿ ಬೇರ್ಪಡಿಸಬಹುದು. ಅದುರಿಗೆ ಕಾರಣ ದಂಡವೇ ಎಂದು ಕಂಡರೆ, ಹಿಂದಿನ ಕವಲನ್ನು ಬಿಚ್ಚಿ ಅರ್ಧ ಸುತ್ತು ತಿರುಗಿಸಿ ಮತ್ತೆ ಕೂರಿಸಿ ನೋಡುವುದುಂಟು. ಅಚ್ಚಿನ ಕಡೆಯ ಭಾಗದಲ್ಲಿರುವ ಚೂರು ಅಸಮತೋಲ ದಂಡದ ಅಸಮತೋಲಕ್ಕೆ ಎದುರಾಗಿ ಬಂದು, ನಡುಕ ತಗ್ಗುವ ಸಂಭವವಿದೆ. ತಗ್ಗಿದರೆ ಬಿಚ್ಚುವ ಮುನ್ನ ಹಾಕಿದ್ದ ಬಣ್ಣದ ಗುರುತನ್ನು ಅಳಿಸಿ, ಹೊಸ ಜಾಗದಲ್ಲಿ ಮತ್ತೆ ಹಾಕಬೇಕು.